ಸೊಪ್ಪು ತಿನ್ನಬಹುದಾ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಗಳ ಕೆಮಿಸ್ಟ್ರಿ

ಹೃದಯದ ವಾಲ್ವ್ ಬದಲಿಸಿಕೊಂಡವರ ಮನೆಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಪುಸ್ತಕ ಇರುತ್ತದೆ. ಈ ಸಲ ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ಟೆಸ್ಟ್, ನಂಬರ್ ಏರಿದಷ್ಟೂ ಹೊತ್ತು ಜಾಸ್ತಿ) ಎಷ್ಟು ಬಂತು, ಹೆಪ್ಪು ತಡೆಯುವ ಅಸಿಟ್ರೋಮ್ ಮಾತ್ರೆ ಎರಡು ಮಿಲಿಗ್ರಾಂನಿಂದ ಮೂರಕ್ಕೆ ಏರಿತಾ, ಮುಂದಿನ ಟೆಸ್ಟ್ ಯಾವತ್ತು, ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿರುತ್ತಾರೆ. ಮನೆಯವರಿಗೆ ದಿನಾ ಕಾಡುವ ಪ್ರಶ್ನೆ ಮಾತ್ರ ಒಂದೇ: ಸೊಪ್ಪು ತಿನ್ನಬಹುದಾ? ಯಾರೋ ತಿನ್ನಬಾರದು ಅಂದಿರುತ್ತಾರೆ. ಅಲ್ಲಿಂದ ಮನೆಯಲ್ಲಿ ಬಸ್ಸಾರು ಬಂದ್, ಮಸ್ಸೊಪ್ಪು ಬಂದ್, ನುಗ್ಗೆಸೊಪ್ಪಿನ ಪಲ್ಯವೂ ಬಂದ್.

ಅಷ್ಟೊಂದು ಭಯ ಬೇಕಾಗಿಲ್ಲ. ಯಾಕೆ ಬೇಕಾಗಿಲ್ಲ ಅಂತ ತಿಳಿಯಬೇಕಾದರೆ ಆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಅನ್ನೋದು ಗೊತ್ತಿರಬೇಕು. ಕೆಮಿಸ್ಟ್ರಿ ಅಂದ ತಕ್ಷಣ ಹೆದರಬೇಡಿ, ನಿಧಾನವಾಗಿ ಹೋಗೋಣ.

ಮೊದಲು ಹೆಪ್ಪು ಹೇಗೆ ಕಟ್ಟುತ್ತದೆ ಅಂತ ನೋಡಿ. ರಕ್ತನಾಳಕ್ಕೆ ಪೆಟ್ಟಾದ ಜಾಗಕ್ಕೆ ಮೊದಲು ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ಡೆಂಗಿ ಬಂದಾಗ ಎಣಿಸುತ್ತಾರಲ್ಲ, ಅವೇ. ಅವು ಸೇರಿ ತೂತನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ಅಷ್ಟರಲ್ಲಿ ರಕ್ತದಲ್ಲಿ ಸುಮ್ನೆ ಓಡಾಡಿಕೊಂಡಿದ್ದ ಕೆಲವು ಪ್ರೋಟೀನ್‌ಗಳು ಎಚ್ಚರಗೊಳ್ಳುತ್ತವೆ. ಒಂದು ಇನ್ನೊಂದನ್ನು ಕತ್ತರಿಸಿ ಎಬ್ಬಿಸುತ್ತದೆ, ಅದು ಮುಂದಿನದನ್ನು ಎಬ್ಬಿಸುತ್ತದೆ. ಇವುಗಳಿಗೆ ಫ್ಯಾಕ್ಟರ್ 7, ಫ್ಯಾಕ್ಟರ್ 10 ಅಂತೆಲ್ಲ ನಂಬರ್ ಕೊಟ್ಟಿದ್ದಾರೆ. ಕೊನೆಗೆ ಹುಟ್ಟುವುದು ಥ್ರಾಂಬಿನ್ ಎಂಬ ಎನ್‌ಜೈಮ್. ಥ್ರಾಂಬಿನ್ ಹೋಗಿ ಫೈಬ್ರಿನೋಜೆನ್ ಎಂಬ ಪ್ರೋಟೀನಿನ ತುದಿಯಿಂದ ಚೂರು ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಕೂಡಲೇ ನೀರಿನಲ್ಲಿ ಕರಗಿಕೊಂಡಿದ್ದ ಫೈಬ್ರಿನೋಜೆನ್ ಕರಗದ ಫೈಬ್ರಿನ್ ಎಳೆಗಳಾಗಿ ಹೆಣೆದುಕೊಂಡು ಬಲೆಯಾಗುತ್ತದೆ. ಆ ಬಲೆಯಲ್ಲಿ ಕೆಂಪು ರಕ್ತಕಣಗಳು ಸಿಕ್ಕಿಕೊಂಡಾಗ ಆಗುವುದೇ ಹೆಪ್ಪು.

ಇದನ್ನು ಕಣ್ಣಾರೆ ನೋಡಬೇಕೆಂದರೆ ತಾಲ್ಲೂಕು ಆಸ್ಪತ್ರೆಗೆ ಹಾವು ಕಚ್ಚಿದವರು ಬಂದಾಗ ಮಾಡುವ ಟೆಸ್ಟ್ ನೋಡಬೇಕು. ಒಂದು ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿಗೆ ಸುಮಾರು 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಒಂದು ಸಲ ವಾಲಿಸಿ ನೋಡುತ್ತಾರೆ. ಸರಿಯಿದ್ದ ರಕ್ತ ಅಷ್ಟರಲ್ಲಿ ಹೆಪ್ಪಾಗಿ ಕೂತಿರುತ್ತದೆ. ಕೊಳಕುಮಂಡಲ ಕಚ್ಚಿ ವಿಷ ಏರಿದ್ದರೆ ಇನ್ನೂ ನೀರಿನಂತೆ ಹರಿಯುತ್ತದೆ. ಆ ಹಾವಿನ ವಿಷ ಫ್ಯಾಕ್ಟರ್ 10 ಮತ್ತು ಫ್ಯಾಕ್ಟರ್ 5 ಅನ್ನು ಬೇಕಾಬಿಟ್ಟಿ ಎಬ್ಬಿಸಿಬಿಡುತ್ತದೆ, ಇಡೀ ಮೈಯ ಫೈಬ್ರಿನೋಜೆನ್ ಅಲ್ಲಲ್ಲೇ ಖರ್ಚಾಗಿ ಹೋಗುತ್ತದೆ, ನಿಜವಾಗಿ ಬೇಕಾದಾಗ ಬಲೆ ಹೆಣೆಯಲು ಎಳೆಯೇ ಉಳಿದಿರುವುದಿಲ್ಲ. ಯಂತ್ರ ಬೇಕಿಲ್ಲ, ಒಂದು ಗಾಜಿನ ಟ್ಯೂಬು ಮತ್ತು ಗಡಿಯಾರ ಸಾಕು. ನನಗೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ಬೇರೆ ಗೊತ್ತಿಲ್ಲ.

ಈಗ ಸ್ಟ್ರೋಕ್ ವಿಷಯಕ್ಕೆ ಬರೋಣ. ನಾವು ಲಕ್ವ ಅಂತೀವಲ್ಲ, ಅದೇ. ಹೆಚ್ಚಿನ ಸ್ಟ್ರೋಕ್‌ಗಳು ಆಗುವುದು ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು. ಉಳಿದವು ರಕ್ತನಾಳ ಒಡೆದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಬಾಯಿ ಸೊಟ್ಟಗಾಗುವುದು, ಒಂದು ಕೈ ಬಿದ್ದುಹೋಗುವುದು, ಮಾತು ತೊದಲುವುದು. ಸಿಟಿ ಸ್ಕ್ಯಾನ್ ಮಾಡದೆ ಇದು ಯಾವುದು ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಹಾಗಾಗಿ ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ, ದಯವಿಟ್ಟು. ಒಡೆದು ಆದ ಸ್ಟ್ರೋಕ್ ಆಗಿದ್ದರೆ ಅದು ಬೆಂಕಿಗೆ ತುಪ್ಪ ಸುರಿದ ಹಾಗೆ.

ಹೆಪ್ಪುಗಳಲ್ಲೂ ಎರಡು ಜಾತಿ ಇವೆ ಅನ್ನಬಹುದು. ರಕ್ತ ರಭಸವಾಗಿ ಹರಿಯುವ ಅಪಧಮನಿಯಲ್ಲಿ, ಕೊಬ್ಬು ಕಟ್ಟಿದ ಗೋಡೆ ಬಿರುಕು ಬಿಟ್ಟಾಗ ಕಟ್ಟುವ ಹೆಪ್ಪಿನಲ್ಲಿ ಪ್ಲೇಟ್‌ಲೆಟ್ ಜಾಸ್ತಿ. ರಕ್ತ ನಿಧಾನವಾಗುವ ಕಡೆ, ಅಂದರೆ ಕಾಲಿನ ಅಭಿಧಮನಿಯಲ್ಲಿ ಅಥವಾ ತಾಳ ತಪ್ಪಿ ಬಡಿಯುವ ಹೃದಯದ ಮೂಲೆಯಲ್ಲಿ ಕಟ್ಟುವ ಹೆಪ್ಪಿನಲ್ಲಿ ಫೈಬ್ರಿನ್ ಜಾಸ್ತಿ. ಮೊದಲನೆಯದಕ್ಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್. ಎರಡನೆಯದಕ್ಕೆ ವಾರ್ಫರಿನ್, ಅಸಿಟ್ರೋಮ್, ಹೆಪಾರಿನ್ ಮತ್ತು ಹೊಸ ಮಾತ್ರೆಗಳು. ಪಕ್ಕದ ಮನೆಯವರಿಗೆ ಒಂದು ಕೊಟ್ಟು ನಿಮಗೆ ಇನ್ನೊಂದು ಬರೆದರೆ ಡಾಕ್ಟರ್ ತಪ್ಪು ಮಾಡಿದ್ದಾರೆ ಅಂದುಕೊಳ್ಳಬೇಡಿ. ಇವು ಯಾವುವೂ ರಕ್ತವನ್ನು ನೀರು ಬೆರೆಸಿದಂತೆ ತೆಳು ಮಾಡುವುದಿಲ್ಲ. ಹೆಪ್ಪು ಕಟ್ಟುವ ಹಾದಿಯಲ್ಲಿ ಒಂದು ಕಡೆ ಅಡ್ಡ ನಿಲ್ಲುತ್ತವೆ, ಅಷ್ಟೇ.

ವಾರ್ಫರಿನ್ ಎಲ್ಲಿಂದ ಬಂತು ಅನ್ನುವ ಕಥೆ ದನದ ಕೊಟ್ಟಿಗೆಯಲ್ಲಿ ಶುರುವಾಗುತ್ತದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ರೈತರ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಬೀಜ ಒಡೆದರೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯರು ಕಾರಣ ಹುಡುಕಿದರು: ಸ್ವೀಟ್ ಕ್ಲೋವರ್ ಎಂಬ ಮೇವಿನ ಹುಲ್ಲು, ಅದರಲ್ಲೂ ತೇವ ಕೂತು ಬೂಷ್ಟು ಹಿಡಿದದ್ದು. ಒಳ್ಳೆಯ ಹುಲ್ಲು ತಿಂದ ದನಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಅದು ಕಷ್ಟದ ಕಾಲ, ಬೂಷ್ಟು ಹಿಡಿದಿದ್ದನ್ನು ಎಸೆದು ಬೇರೆ ಮೇವು ಕೊಳ್ಳಲು ರೈತರ ಹತ್ತಿರ ದುಡ್ಡಿರಲಿಲ್ಲ. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್‌ಸನ್ ಎಂಬ ರೈತ ಹಿಮಗಾಳಿಯಲ್ಲೇ ಮುನ್ನೂರು ಕಿಲೋಮೀಟರ್ ಹತ್ತಿರ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ಊರಿನ ವಿಶ್ವವಿದ್ಯಾಲಯಕ್ಕೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಹುಲ್ಲಿನ ರಾಶಿ, ಮತ್ತು ಒಂದು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ಅವನಿಗೆ ಸಿಕ್ಕಿದ್ದು ಕಾರ್ಲ್ ಪಾಲ್ ಲಿಂಕ್ ಎಂಬ ಕೆಮಿಸ್ಟ್. ಆ ದಿನ ರೈತನಿಗೆ ಕೊಡಲು ಲಿಂಕ್ ಹತ್ತಿರ ಯಾವ ಪರಿಹಾರವೂ ಇರಲಿಲ್ಲ. ಆದರೆ ಆ ಕ್ಯಾನನ್ನು ಅವರು ಮರೆಯಲಿಲ್ಲ.

ಆರು ವರ್ಷ ಹಿಡಿಯಿತು. 1939ರಲ್ಲಿ ಲಿಂಕ್ ಅವರ ಪ್ರಯೋಗಾಲಯದಲ್ಲಿ ಹೆರಾಲ್ಡ್ ಕ್ಯಾಂಪ್‌ಬೆಲ್ ಆ ವಿಷವನ್ನು ಹರಳು ರೂಪದಲ್ಲಿ ಬೇರ್ಪಡಿಸಿದರು. ಅದರ ರಚನೆ ನೋಡಿದರೆ ವಿಷಯ ಅರ್ಥವಾಗುತ್ತದೆ. ಒಣಹುಲ್ಲಿಗೆ ಒಂದು ಸಿಹಿ ವಾಸನೆ ಇರುತ್ತದಲ್ವಾ, ಅದು ಕೂಮರಿನ್ ಎಂಬ ಅಣುವಿನದು. ಅದು ಹೆಪ್ಪು ಕಟ್ಟುವುದಕ್ಕೆ ಅಡ್ಡ ಬರುವುದಿಲ್ಲ. ಬೂಷ್ಟು ಆ ಅಣುವಿಗೆ ಒಂದು ಆಕ್ಸಿಜನ್ ಸೇರಿಸುತ್ತದೆ, ಆಮೇಲೆ ಅಂಥ ಎರಡು ಅಣುಗಳು ನಡುವೆ ಒಂದು ಕಾರ್ಬನ್ ಇಟ್ಟುಕೊಂಡು ಜೋಡಿಯಾಗುತ್ತವೆ. ಆ ಜೋಡಿಯೇ ಡೈಕೂಮರಾಲ್. ಲಿಂಕ್ ತಂಡ ಇದನ್ನೇ ಮಾದರಿಯಾಗಿ ಇಟ್ಟುಕೊಂಡು ಸಾಕಷ್ಟು ಅಣುಗಳನ್ನು ತಯಾರಿಸಿತು. ಅದರಲ್ಲಿ ಒಂದು 1948ರಲ್ಲಿ ಇಲಿ ಪಾಷಾಣವಾಗಿ ಅಂಗಡಿಗೆ ಬಂತು. ಅದೇ ವಾರ್ಫರಿನ್. 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಒಬ್ಬ ಯುವಕ ಆತ್ಮಹತ್ಯೆಗೆಂದು ಅದನ್ನೇ ತಿಂದ. ಆಸ್ಪತ್ರೆಯಲ್ಲಿ ವಿಟಮಿನ್ ಕೆ ಕೊಟ್ಟರು, ಪೂರ್ತಿ ಗುಣವಾದ. ಮನುಷ್ಯರಲ್ಲಿ ಇದರ ಪರಿಣಾಮವನ್ನು ಹಿಂದಕ್ಕೆ ತಿರುಗಿಸಬಹುದು ಅನ್ನುವ ಧೈರ್ಯ ಬಂತು. 1954ರಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು, ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು.

ಅಸಿಟ್ರೋಮ್ ಎಂಬ ಬ್ರ್ಯಾಂಡಿನಲ್ಲಿ ಇರುವ ಅಸೆನೊಕೂಮರಾಲ್ ಇದೇ ವಾರ್ಫರಿನ್ನಿನ ತಮ್ಮ. ಒಂದು ನೈಟ್ರೋ ಗುಂಪು ಹೆಚ್ಚಿಗೆ ಅಂಟಿಕೊಂಡಿದೆ, ಕೆಲಸ ಅದೇ.

ಏನದು ಕೆಲಸ? ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಸೊಪ್ಪಿನ ಗುಟ್ಟು ಇಲ್ಲೇ ಇರುವುದು. ಫ್ಯಾಕ್ಟರ್ 2, 7, 9, 10 ಇವು ನಾಲ್ಕೂ ಲಿವರಿನಲ್ಲಿ ತಯಾರಾಗುತ್ತವೆ. ಇವುಗಳಲ್ಲಿ ಗ್ಲುಟಾಮಿಕ್ ಆಸಿಡ್ ಎಂಬ ಅಮೈನೋ ಆಸಿಡ್ ಕೆಲವು ನಿರ್ದಿಷ್ಟ ಜಾಗಗಳಲ್ಲಿ ಇದೆ. ಅದರ ತುದಿಯಲ್ಲಿ ಒಂದು ಕಾರ್ಬಾಕ್ಸಿಲ್ ಗುಂಪು, ಅಂದರೆ ಒಂದು ನೆಗೆಟಿವ್ ಚಾರ್ಜ್. ಲಿವರ್ ಅದರ ಪಕ್ಕಕ್ಕೇ ಇನ್ನೊಂದು ಕಾರ್ಬಾಕ್ಸಿಲ್ ಅಂಟಿಸುತ್ತದೆ. ಈಗ ಎರಡು ನೆಗೆಟಿವ್ ಅಕ್ಕಪಕ್ಕ. ಎರಡು ಪಾಸಿಟಿವ್ ಚಾರ್ಜ್ ಇರುವ ಕ್ಯಾಲ್ಸಿಯಂ ಅಯಾನು ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಆ ಕ್ಯಾಲ್ಸಿಯಂ ಮೂಲಕವೇ ಈ ಪ್ರೋಟೀನ್ ಪ್ಲೇಟ್‌ಲೆಟ್‌ನ ಮೇಲ್ಮೈಗೆ ಅಂಟಿಕೊಂಡು ಕೆಲಸ ಮಾಡುವುದು. ಥ್ರಾಂಬಿನ್ನಿನ ಮೂಲವಾದ ಪ್ರೋಥ್ರಾಂಬಿನ್‌ನಲ್ಲಿ ಇಂಥ 10 ಜಾಗಗಳಿವೆ. ಈ ಜೋಡಿ ಕಾರ್ಬಾಕ್ಸಿಲ್ ಇರುವುದು ಪತ್ತೆಯಾದದ್ದು 1974ರಲ್ಲಿ. ಅಂದರೆ ವಾರ್ಫರಿನ್ ಮನುಷ್ಯರಿಗೆ ಕೊಡಲು ಶುರುಮಾಡಿ 20 ವರ್ಷ ಆದಮೇಲೆ.

ಎರಡನೇ ಕಾರ್ಬಾಕ್ಸಿಲ್ ಅಂಟಿಸುವ ಹೊತ್ತಿಗೆ ವಿಟಮಿನ್ ಕೆ ಬೇಕು. ಒಂದು ಸಲ ಕೆಲಸ ಮಾಡಿದ ವಿಟಮಿನ್ ಕೆ ಆಕ್ಸಿಜನ್ ಸೇರಿಸಿಕೊಂಡು ನಿಷ್ಪ್ರಯೋಜಕವಾಗುತ್ತದೆ. ಅದನ್ನು ಮತ್ತೆ ಮೊದಲಿನ ರೂಪಕ್ಕೆ ತರಲು ಲಿವರಿನಲ್ಲಿ ಒಂದು ಎನ್‌ಜೈಮ್ ಇದೆ. ನಮ್ಮ ದೇಹದಲ್ಲಿ ವಿಟಮಿನ್ ಕೆ ದಾಸ್ತಾನು ತೀರಾ ಕಮ್ಮಿ, ಇದ್ದದ್ದನ್ನೇ ಮತ್ತೆ ಮತ್ತೆ ಬಳಸಿಕೊಂಡು ದಿನ ದೂಡುವುದು. ವಾರ್ಫರಿನ್ ಹೋಗಿ ಕಟ್ಟಿಹಾಕುವುದು ಈ ಎನ್‌ಜೈಮನ್ನೇ. ಮರುಬಳಕೆ ನಿಂತರೆ ಎರಡನೇ ಕಾರ್ಬಾಕ್ಸಿಲ್ ಬೀಳುವುದಿಲ್ಲ, ಕ್ಯಾಲ್ಸಿಯಂ ಕೂರುವುದಿಲ್ಲ, ಹೆಪ್ಪಿನ ಪ್ರೋಟೀನ್ ಹುಟ್ಟಿದರೂ ಕೆಲಸಕ್ಕೆ ಬರುವುದಿಲ್ಲ.

ಈಗ ಸೊಪ್ಪು. ಸೊಪ್ಪಿನಲ್ಲಿ ವಿಟಮಿನ್ ಕೆ ಧಾರಾಳವಾಗಿದೆ. ಮರುಬಳಕೆ ನಿಂತಿದ್ದರೂ ಹೊಸ ಸರಕು ಹೊರಗಿಂದ ಬಂದರೆ ಲಿವರ್ ಅದರಲ್ಲೇ ಕೆಲಸ ಮುಂದುವರಿಸುತ್ತದೆ, ಐಎನ್‌ಆರ್ ಇಳಿಯುತ್ತದೆ. ಇದು ನಿಜ. ಆದರೆ ಡಾಕ್ಟರ್ ಮಾತ್ರೆಯ ಡೋಸ್ ಹೊಂದಿಸುವುದು ನೀವು ತಿನ್ನುವ ಊಟಕ್ಕೆ ತಕ್ಕಂತೆ. ವಾರಕ್ಕೆ ಮೂರು ದಿನ ಸೊಪ್ಪಿನ ಸಾರು ತಿನ್ನುವವರು ಹಾಗೇ ತಿನ್ನುತ್ತಾ ಹೋದರೆ ಅದಕ್ಕೆ ಸರಿಯಾದ ಡೋಸ್ ಸಿಗುತ್ತದೆ. ತೊಂದರೆ ಆಗುವುದು ದಿಢೀರ್ ಬದಲಾವಣೆಯಿಂದ. ಒಂದು ತಿಂಗಳು ಸೊಪ್ಪು ಮುಟ್ಟದೆ ಇದ್ದು ಆಮೇಲೆ ನೆಂಟರ ಮನೆಗೆ ಹೋಗಿ ವಾರವಿಡೀ ಸೊಪ್ಪೇ ತಿಂದರೆ ಐಎನ್‌ಆರ್ ಹಳಿ ತಪ್ಪುತ್ತದೆ. ಪೂರ್ತಿ ಬಿಟ್ಟವರಿಗೆ ಇನ್ನೊಂದು ಕಷ್ಟ ಇದೆ: ಮೈಯಲ್ಲಿ ವಿಟಮಿನ್ ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಇದ್ದಾಗ ಚೂರು ಹೆಚ್ಚುಕಮ್ಮಿಯಾದರೂ ಐಎನ್‌ಆರ್ ಜೋಕಾಲಿ ಆಡುತ್ತದೆ. ಆದ್ದರಿಂದ ತಿನ್ನಿ, ಒಂದೇ ಅಳತೆಯಲ್ಲಿ ತಿನ್ನಿ, ಬದಲಾಯಿಸುವುದಿದ್ದರೆ ಡಾಕ್ಟರಿಗೆ ಹೇಳಿ. ನಿಜವಾಗಿ ಹೆದರಬೇಕಾದದ್ದು ಮೆಡಿಕಲ್ ಶಾಪಿನಿಂದ ಕೇಳದೆ ತರುವ ನೋವಿನ ಮಾತ್ರೆ ಮತ್ತು ಆಂಟಿಬಯೋಟಿಕ್‌ಗಳಿಗೆ. ಅವುಗಳಲ್ಲಿ ಕೆಲವು ರಕ್ತಸ್ರಾವದ ಅಪಾಯವನ್ನು ಜೋರಾಗಿ ಏರಿಸುತ್ತವೆ.

ಇನ್ನೊಂದು ಸಣ್ಣ ವಿಷಯವೂ ಇದರಿಂದಲೇ ಅರ್ಥವಾಗುತ್ತದೆ. ಈ ಮಾತ್ರೆ ಶುರುಮಾಡಿದ ದಿನವೇ ಕೆಲಸ ಮಾಡುವುದಿಲ್ಲ. ಆಗಲೇ ತಯಾರಾಗಿ ರಕ್ತದಲ್ಲಿ ಓಡಾಡುತ್ತಿರುವ ಒಳ್ಳೆಯ ಪ್ರೋಟೀನ್‌ಗಳು ಸವೆದು ಹೋಗಬೇಕು. ಫ್ಯಾಕ್ಟರ್ 7 ಕೆಲವೇ ಗಂಟೆಗಳಲ್ಲಿ ಅರ್ಧವಾಗುತ್ತದೆ, ಪ್ರೋಥ್ರಾಂಬಿನ್ ಅರ್ಧವಾಗಲು ಎರಡು ದಿನಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಹೆಪಾರಿನ್ ಚುಚ್ಚುಮದ್ದು ಕೊಡುವುದುಂಟು. ಹೆಪಾರಿನ್ ಬರುವುದು ಹಂದಿಯ ಕರುಳಿನ ಒಳಪೊರೆಯಿಂದ. ಸಕ್ಕರೆ ಅಣುಗಳ ಉದ್ದನೆಯ ಸರ, ಮೈತುಂಬ ಸಲ್ಫೇಟ್. ಆ ಸರದಲ್ಲಿ ನಿಜವಾಗಿ ಕೆಲಸ ಮಾಡುವುದು ಐದೇ ಐದು ಸಕ್ಕರೆಗಳ ಒಂದು ತುಣುಕು ಅಂತ ಕೆಮಿಸ್ಟ್‌ಗಳು ಕಂಡುಹಿಡಿದರು, ಹಂದಿಯ ಹಂಗಿಲ್ಲದೆ ಆ ತುಣುಕನ್ನು ಲ್ಯಾಬಿನಲ್ಲೇ ಹತ್ತಾರು ಹಂತಗಳಲ್ಲಿ ಕಟ್ಟಿದರು. ಅದೇ ಫಾಂಡಪ್ಯಾರಿನಕ್ಸ್.

ಹೊಸ ಮಾತ್ರೆಗಳು ವಿಟಮಿನ್ ಕೆ ತಂಟೆಗೇ ಹೋಗುವುದಿಲ್ಲ. ಡಾಬಿಗಟ್ರಾನ್ ನೇರವಾಗಿ ಥ್ರಾಂಬಿನ್‌ನ ಬಾಯಿಗೆ ಹೋಗಿ ಕೂರುತ್ತದೆ. ರಿವರೋಕ್ಸಾಬಾನ್, ಅಪಿಕ್ಸಾಬಾನ್ ಫ್ಯಾಕ್ಟರ್ 10ರ ಬಾಯಿಗೆ. ಆ ಎನ್‌ಜೈಮ್‌ಗಳ ಆಕಾರವನ್ನು ನೋಡಿ, ಒಳಗಿನ ಸಂದಿಗೆ ಸರಿಯಾಗಿ ಹೊಂದುವ ಹಾಗೆ ಅಣುವನ್ನು ಕೆತ್ತಿದ್ದಾರೆ. ಸೊಪ್ಪಿನ ಲೆಕ್ಕ ಇಲ್ಲ, ತಿಂಗಳಿಗೊಮ್ಮೆ ಐಎನ್‌ಆರ್ ಇಲ್ಲ. ಹಾಗಾದರೆ ಎಲ್ಲರೂ ಇದಕ್ಕೇ ಬದಲಾಯಿಸಿಕೊಳ್ಳಬಹುದಾ? ಇಲ್ಲ, ಮತ್ತು ಇದನ್ನು ನಾನು ಒತ್ತಿ ಹೇಳಬೇಕು. ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಡಾಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು 2012ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. ನಮ್ಮ ಕಡೆ ಇನ್ನೂ ಕಾಣುವ ರುಮ್ಯಾಟಿಕ್ ಹೃದಯರೋಗದ (ಚಿಕ್ಕಂದಿನಲ್ಲಿ ಗಂಟಲು ಸೋಂಕಿನ ನಂತರ ಬರುವ ಜ್ವರದಿಂದ ಹೃದಯದ ವಾಲ್ವ್ ಕೆಡುವ ಕಾಯಿಲೆ) ಬಗ್ಗೆ 24 ದೇಶಗಳ ಸುಮಾರು 4,500 ರೋಗಿಗಳ ಮೇಲೆ ಇನ್ವಿಕ್ಟಸ್ ಎಂಬ ಅಧ್ಯಯನ ನಡೆಯಿತು, ಅದರ ಮುಂದಾಳುಗಳಲ್ಲಿ ಒಬ್ಬರು ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್. ಹೊಸದೇ ಗೆಲ್ಲುತ್ತದೆ ಅಂತ ಅನೇಕರು ಅಂದುಕೊಂಡಿದ್ದರು. 2022ರಲ್ಲಿ ಫಲಿತಾಂಶ ಬಂದಾಗ ಗೆದ್ದದ್ದು ಹಳೆಯ ವಾರ್ಫರಿನ್ ಗುಂಪು, ರಿವರೋಕ್ಸಾಬಾನ್ ತೆಗೆದುಕೊಂಡವರಲ್ಲಿ ಸಾವು ಹೆಚ್ಚಿತ್ತು. ಬಡವರ ಕಾಯಿಲೆ ಅಂತ ಬದಿಗಿಟ್ಟಿದ್ದ ರೋಗದ ಮೇಲೆ ಇಷ್ಟು ದೊಡ್ಡ ಅಧ್ಯಯನ ನಡೆದದ್ದೇ ದೊಡ್ಡದು. ಯಾರದೋ ಮಾತು ಕೇಳಿ ಮಾತ್ರೆ ಬದಲಿಸಬೇಡಿ.

ಆಸ್ಪಿರಿನ್ನಿನದು ಬೇರೆ ದಾರಿ, ಇದು ಚಿಕ್ಕದು. ಅದು ಪ್ಲೇಟ್‌ಲೆಟ್‌ನ ಒಂದು ಎನ್‌ಜೈಮಿಗೆ ತನ್ನ ಅಸಿಟೈಲ್ ಗುಂಪನ್ನು ಶಾಶ್ವತವಾಗಿ ಅಂಟಿಸಿಬಿಡುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಎನ್‌ಜೈಮ್ ತಯಾರಿಸಿಕೊಳ್ಳಲು ಬರುವುದಿಲ್ಲ, ಬದುಕಿರುವ ವಾರ ಹತ್ತು ದಿನವೂ ಹಾಗೇ ಇರಬೇಕು. 75 ಮಿಲಿಗ್ರಾಂನ ಪುಟ್ಟ ಮಾತ್ರೆ ಸಾಕಾಗುವುದು ಇದಕ್ಕೇ. ಆಪರೇಷನ್‌ಗೆ ಎಷ್ಟೋ ದಿನ ಮುಂಚೆ ಅದನ್ನು ನಿಲ್ಲಿಸಬೇಕಾ ಅಂತ ಕೇಳುವುದೂ ಇದಕ್ಕೇ. ಹಾವಿನ ಕಡೆಯಿಂದ ಬಂದ ಔಷಧಿಯೂ ಒಂದಿದೆ: ಗರಗಸ ಮಂಡಲದ ವಿಷದಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪ್ರೋಟೀನ್ ಸಿಕ್ಕಿತು, ಅದರ ಆಕಾರ ನೋಡಿ ಟಿರೋಫಿಬಾನ್ ಎಂಬ ಸಣ್ಣ ಅಣುವನ್ನು ಮಾಡಿದರು.

ಇಷ್ಟೆಲ್ಲ ತಡೆಯುವ ಮಾತಾಯಿತು. ಹೆಪ್ಪು ಮೆದುಳಿನಲ್ಲಿ ಸಿಕ್ಕಿಕೊಂಡೇಬಿಟ್ಟರೆ? ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಅಂದಾಜು. ಫೈಬ್ರಿನ್ ಬಲೆಯನ್ನು ಕತ್ತರಿಸುವ ಕತ್ತರಿ ನಮ್ಮ ರಕ್ತದಲ್ಲೇ ಇದೆ, ಹೆಸರು ಪ್ಲಾಸ್ಮಿನ್. ಅದನ್ನು ಎಬ್ಬಿಸುವ ಪ್ರೋಟೀನ್ ಟಿಪಿಎ. ಇದನ್ನೇ ಕಾರ್ಖಾನೆಯಲ್ಲಿ ಬೆಳೆಸಿದ ಕೋಶಗಳಿಂದ ತಯಾರಿಸಿ, 1996ರಲ್ಲಿ ಅಮೆರಿಕದಲ್ಲಿ ಸ್ಟ್ರೋಕ್‌ಗೆ ಕೊಡಲು ಒಪ್ಪಿಗೆ ಕೊಟ್ಟರು. ತೊಂದರೆ ಏನೆಂದರೆ ಅದು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಹಾಗಾಗಿ ಒಂದು ಚಿಕ್ಕ ಪಾಲನ್ನು ಮೊದಲು ಚುಚ್ಚಿ, ಉಳಿದದ್ದನ್ನು ಒಂದು ಗಂಟೆ ಡ್ರಿಪ್‌ನಲ್ಲಿ ಬಿಡಬೇಕು. ದೊಡ್ಡ ಊರಿನಲ್ಲಿ ಸರಿ, ಆಂಬುಲೆನ್ಸಿನಲ್ಲಿ ಇದು ಎಷ್ಟು ಕಷ್ಟ ಯೋಚಿಸಿ.

ಪ್ರೋಟೀನ್ ಕೆಮಿಸ್ಟ್‌ಗಳು ಮಾಡಿದ ಕೆಲಸ ನೋಡಿ. 527 ಅಮೈನೋ ಆಸಿಡ್‌ಗಳ ಟಿಪಿಎ ಸರಪಳಿಯಲ್ಲಿ ಮೂರೇ ಕಡೆ ಕೈಯಾಡಿಸಿದರು. 103ನೇ ಜಾಗದಲ್ಲಿ ಮತ್ತು 117ನೇ ಜಾಗದಲ್ಲಿ ಒಂದೊಂದು ಅಮೈನೋ ಆಸಿಡ್ ಬದಲಿಸಿ, ಅಂಟಿಕೊಳ್ಳುವ ಸಕ್ಕರೆ ಸರವನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಬರುವಂತೆ ಮಾಡಿದರು. ಲಿವರ್ ಅದನ್ನು ಬೇಗ ಹಿಡಿದು ಹೊರಹಾಕದ ಹಾಗಾಯಿತು. 296ರಿಂದ 299ರವರೆಗಿನ ನಾಲ್ಕನ್ನು ತೆಗೆದು ಅಲನಿನ್ ಎಂಬ ಅಮೈನೋ ಆಸಿಡ್ ಇಟ್ಟರು. ಟಿಪಿಎಯನ್ನು ಹಿಡಿದು ನಿಲ್ಲಿಸುವ ದೇಹದ ಸ್ವಂತ ತಡೆ ಅಲ್ಲಿ ಹಿಡಿತ ಕಳೆದುಕೊಂಡಿತು. ಇದೇ ಟೆನೆಕ್ಟೆಪ್ಲೇಸ್. ಕೆಲವೇ ಸೆಕೆಂಡಿನ ಒಂದೇ ಇಂಜೆಕ್ಷನ್, ಡ್ರಿಪ್ ಬೇಡ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವುದು ಇದೇ ಇಂಜೆಕ್ಷನ್. ಹೃದಯಕ್ಕೆ ಇಸಿಜಿ ಸಾಕು, ಮೆದುಳಿಗೆ ಸಿಟಿ ಸ್ಕ್ಯಾನ್ ಬೇಕೇ ಬೇಕು, ಆದ್ದರಿಂದ ಸ್ಟ್ರೋಕ್‌ಗೆ ಅದನ್ನು ಅಷ್ಟೇ ಸುಲಭವಾಗಿ ಎಲ್ಲ ಕಡೆ ಕೊಡಲು ಬರುವುದಿಲ್ಲ. ಸ್ಟ್ರೋಕ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರೋಗಿಯನ್ನು ಕೊನೆಯ ಸಲ ಸರಿಯಾಗಿ ನೋಡಿದ್ದು ಎಷ್ಟು ಗಂಟೆಗೆ ಅನ್ನುವುದನ್ನು ನೆನಪಿಟ್ಟುಕೊಂಡು ಡಾಕ್ಟರಿಗೆ ಹೇಳಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಇಲ್ಲಿವರೆಗಿನ ಎಲ್ಲ ಔಷಧಿಗಳಿಗೂ ಒಂದೇ ಶಾಪ ಇದೆ. ಕೆಟ್ಟ ಹೆಪ್ಪನ್ನು ತಡೆಯುವಾಗ ಒಳ್ಳೆಯ ಹೆಪ್ಪನ್ನೂ ತಡೆಯುತ್ತವೆ. ಬಿದ್ದರೆ ರಕ್ತ ನಿಲ್ಲುವುದಿಲ್ಲ ಅನ್ನುವ ಭಯದಲ್ಲೇ ಬದುಕಬೇಕು. ಎರಡನ್ನೂ ಬೇರ್ಪಡಿಸಲು ಆಗುತ್ತದಾ? ಇದಕ್ಕೆ ಸುಳಿವು ಸಿಕ್ಕಿದ್ದು ಹುಟ್ಟಿನಿಂದಲೇ ಫ್ಯಾಕ್ಟರ್ 11 ಕಮ್ಮಿ ಇರುವವರಲ್ಲಿ. ಅಶ್ಕೆನಾಜಿ ಯಹೂದಿಗಳಲ್ಲಿ ಇಂಥವರು ಹೆಚ್ಚು. ಅವರಿಗೆ ಸುಮ್ಮಸುಮ್ಮನೆ ರಕ್ತ ಸುರಿಯುವುದು ಅಪರೂಪ, ಆದರೆ ಹೆಪ್ಪಿನಿಂದ ಆಗುವ ಸ್ಟ್ರೋಕ್ ಕಮ್ಮಿ. ಗಾಯವಾದಾಗ ಹೆಪ್ಪಿನ ಒಲೆ ಹಚ್ಚುವುದು ಫ್ಯಾಕ್ಟರ್ 7, ಫ್ಯಾಕ್ಟರ್ 11 ಊದುಗೊಳವೆ ಮಾತ್ರ. ಗಾಯ ಮುಚ್ಚಲು ಸಣ್ಣ ಉರಿ ಸಾಕು, ರಕ್ತನಾಳವನ್ನೇ ಮುಚ್ಚುವಷ್ಟು ದೊಡ್ಡ ಹೆಪ್ಪು ಬೆಳೆಯಬೇಕಾದರೆ ಊದುತ್ತಲೇ ಇರಬೇಕು.

ಹಾಗಾಗಿ ಕೆಮಿಸ್ಟ್‌ಗಳು ಈಗ ಫ್ಯಾಕ್ಟರ್ 11ರ ಹಿಂದೆ ಬಿದ್ದಿದ್ದಾರೆ. ದಾರಿ ಸಲೀಸಾಗಿಲ್ಲ. ಅಸುಂಡೆಕ್ಸಿಯಾನ್ ಎಂಬ ಮಾತ್ರೆಯನ್ನು ಹೃದಯದ ತಾಳ ತಪ್ಪಿದವರಲ್ಲಿ ಅಪಿಕ್ಸಾಬಾನ್ ಎದುರು ನಿಲ್ಲಿಸಿದ ಅಧ್ಯಯನ 2023ರ ನವೆಂಬರ್‌ನಲ್ಲಿ ಅರ್ಧಕ್ಕೆ ನಿಂತಿತು. ರಕ್ತಸ್ರಾವ ಕಮ್ಮಿ ಇತ್ತು, ಆದರೆ ಸ್ಟ್ರೋಕ್ ತಡೆಯುವುದರಲ್ಲಿ ಸೋತಿತು. ತುಂಬ ಜನ ಕೈಚೆಲ್ಲಿದರು. ಎರಡು ವರ್ಷದ ನಂತರ, 2025ರ ನವೆಂಬರ್‌ನಲ್ಲಿ, ಅದೇ ಮಾತ್ರೆಯ ಇನ್ನೊಂದು ಅಧ್ಯಯನದ ಸುದ್ದಿ ಬಂತು. ಇದರಲ್ಲಿ ಇದ್ದವರು ಆಗಲೇ ಒಂದು ಸಲ ಸ್ಟ್ರೋಕ್ ಅಥವಾ ಅದರ ಮುನ್ಸೂಚನೆಯಂಥ ಸಣ್ಣ ದಾಳಿ ಆಗಿ, ಆಸ್ಪಿರಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಹೃದಯದಿಂದ ಹೆಪ್ಪು ಬಂದವರಲ್ಲ. ಅವರಿಗೆ ಜೊತೆಯಲ್ಲಿ ಅಸುಂಡೆಕ್ಸಿಯಾನ್ ಕೊಟ್ಟಾಗ ಎರಡನೇ ಸ್ಟ್ರೋಕ್ ಕಮ್ಮಿಯಾಯಿತು, ದೊಡ್ಡ ರಕ್ತಸ್ರಾವ ಹೆಚ್ಚಲಿಲ್ಲ. ಒಂದೇ ಅಣು, ಒಂದು ಜಾತಿಯ ಹೆಪ್ಪಿನಲ್ಲಿ ಸೋತು ಇನ್ನೊಂದರಲ್ಲಿ ಗೆದ್ದಿತು. ಮಿಲ್ವೆಕ್ಸಿಯಾನ್ ಎಂಬ ಅಂಥದೇ ಮಾತ್ರೆ, ಅಬೆಲಾಸಿಮಾಬ್ ಎಂಬ ತಿಂಗಳಿಗೊಂದು ಇಂಜೆಕ್ಷನ್ ಕೂಡ ಪರೀಕ್ಷೆಗೆ ಇಳಿದಿವೆ. ಇವು ಬಂದರೂ ಮೊದಲು ಸಿಗುವುದು ಸ್ಟ್ರೋಕ್ ಆಗಿ ಎದ್ದವರಿಗೆ. ಲೋಹದ ವಾಲ್ವ್ ಇರುವವರು ಸದ್ಯಕ್ಕೆ ಅಸಿಟ್ರೋಮ್ ಅಥವಾ ವಾರ್ಫರಿನ್ ಬಿಡುವ ಹಾಗಿಲ್ಲ, ತಿಂಗಳ ಐಎನ್‌ಆರ್ ತಪ್ಪಿಸುವ ಹಾಗೂ ಇಲ್ಲ.